ಅಂಡಮಾನಿಗೆ ಒಳ್ಳೆಯ ಕಾಲ

ಕೊಳ್ಳೇಗಾಲದ ಕಡೆ ಯಾರಿಗಾದರೂ ಅಂಡಮಾನಿಗೆ ಹೋಗಿಬರುವ ಮನಸ್ಸಾದರೆ ಅವರು ಮೊದಲು ದೇವಣ್ಣನ ಮನೆ ಬಾಗಿಲಿಗೆ ಬರುತ್ತಾರೆ. ದೇವಣ್ಣ ಟ್ರಾವೆಲ್ಸ್ ಇಟ್ಟವನಲ್ಲ, ರೇಷ್ಮೆ ಸೀರೆ ನೇಯುವವನು. ಅರವತ್ತೆರಡು ವರ್ಷದ ಆಯುಷ್ಯದಲ್ಲಿ ನಲವತ್ತೈದು ವರ್ಷ ಅವನ ಕಾಲುಗಳು ಮಗ್ಗದ ಗುಂಡಿಯೊಳಗೇ ಇದ್ದವು. ವಿಮಾನ ಹತ್ತಿದವನಲ್ಲ, ಹಡಗು ಕಂಡವನಲ್ಲ. ಅವನು ಕಂಡ ಅತಿ ದೊಡ್ಡ ನೀರೆಂದರೆ ಭರಚುಕ್ಕಿ ಜಲಪಾತದ್ದು, ಅದೂ ಜನರ ಹೆಗಲ ಸಂದಿಯಲ್ಲಿ. ಆದರೂ ಅಂಡಮಾನಿನಲ್ಲಿ ಯಾವ ತಿಂಗಳು ಯಾವ ಕಡೆಯ ಗಾಳಿ, ಯಾವ ವಾರ ದೋಣಿ ನಿಲ್ಲಿಸುತ್ತಾರೆ, ನೀರು ಯಾವಾಗ ತಿಳಿಯಾಗಿರುತ್ತದೆ, ಎಲ್ಲವೂ ಅವನ ಬಾಯಲ್ಲೇ ಇತ್ತು.

ಹನೂರಿನ ಹೈಸ್ಕೂಲು ಮೇಷ್ಟ್ರು ಶಾಂತರಾಜು ಬಂದು ಜಗುಲಿಯ ಮೇಲೆ ಕೂತು, "ದೇವಣ್ಣ, ದಸರಾ ರಜಾದಲ್ಲಿ ಓಗಿ ಬರಮ ಅಂತಿವ್ನಿ" ಎಂದಾಗ ದೇವಣ್ಣ ಲಾಳಿ ಕೆಳಗಿಟ್ಟ.

"ದಸರಾನಾ? ಬ್ಯಾಡಿ ಸಾ. ಅಕ್ಟೋಬರ್‌ನಾಗೆ ಅಲ್ಲಿ ಗಾಳಿ ತಿರುಗ್ತದೆ. ನವೆಂಬರ್ ನಂಬಂಗಿಲ್ಲ, ಯಾವಾಗ ಬಿರುಗಾಳಿ ಎದ್ದದು ಅಂತ ದೇವ್ರಿಗೂ ಗೊತ್ತಿಲ್ಲ. ಡಿಸೆಂಬರ್ ಅರ್ಧ ಕಳೀಲಿ. ಜನವರಿ ಎರಡನೆ ವಾರ ಓಗಿ. ಫೆಬ್ರವರಿ ಇನ್ನೂ ಚೆಂದ. ಏಪ್ರಿಲ್ ಅಂದ್ರೆ ಸೆಕೆ. ಮೇ ಕಡೇಗೆ ಮಳೆ ಹಿಡ್ಕತು ಅಂದ್ರೆ ಸೆಪ್ಟೆಂಬರ್‌ಗಂಟ ಬಾಗ್ಲಾಕಂಡು ಕುಂತ್ಕಬೇಕು."

"ನೀವು ಯಾವಾಗ ಓಗಿದ್ರಿ?"

"ನಾನಾ? ಓಗ್ಬೇಕು ಸಾ. ಕಾಲ ಕೂಡ್ಬರ್ಬೇಕು" ಎಂದು ದೇವಣ್ಣ ಲಾಳಿ ಎತ್ತಿಕೊಂಡ.

ಮೇಷ್ಟ್ರು ಜನವರಿಯಲ್ಲಿ ರಜೆ ಹಾಕಿ ಹೋಗಿಬಂದರು. ಬರುವಾಗ ಒಂದು ಕಪ್ಪೆಚಿಪ್ಪು ತಂದುಕೊಟ್ಟು, ನೀರಿನ ಬಣ್ಣವನ್ನು ಮುಕ್ಕಾಲು ಗಂಟೆ ವರ್ಣಿಸಿದರು. ದೇವಣ್ಣ ತಲೆಯಾಡಿಸಿ ಕೇಳಿ, ಎರಡು ಕಡೆ ತಿದ್ದಿದ. ಹೀಗೆ ಅವನ ಮಾತು ಕೇಳಿ ಹೋದವರು ಎಷ್ಟೋ ಜನ. ಕೌದಳ್ಳಿಯ ಹೊಸ ಮದುವೆಯ ಜೋಡಿಯೊಂದು ಅವನೇ ನೇಯ್ದ ಧಾರೆ ಸೀರೆಯನ್ನೂ ಕಟ್ಟಿಕೊಂಡು ಹೋಗಿ, ಅದನ್ನುಟ್ಟು ದಂಡೆಯ ಮೇಲೆ ಫೋಟೊ ತೆಗೆಸಿಕೊಂಡು ಬಂದಿತ್ತು. ದೇವಣ್ಣನ ಸೀರೆ ಸಮುದ್ರ ನೋಡಿತು. ದೇವಣ್ಣ ಫೋಟೊ ನೋಡಿದ. ಉಪ್ಪುನೀರು ಸೋಕಿದರೆ ಜರಿ ಕಪ್ಪಾಗುತ್ತದಲ್ಲ ಎಂಬುದಷ್ಟೇ ಅವನಿಗಾದ ಸಂಕಟ.

ಇದೆಲ್ಲ ಶುರುವಾದದ್ದು ಹನ್ನೊಂದು ವರ್ಷದ ಹಿಂದೆ. ಒಬ್ಬಳೇ ಮಗಳು ರೋಜಾಳನ್ನು ಯಳಂದೂರಿನ ಮೋಹನನಿಗೆ ಮದುವೆ ಮಾಡಿಕೊಟ್ಟು, ನೆಂಟರೆಲ್ಲ ಹೊರಟುಹೋದ ಮೇಲೆ, ಹೆಂಡತಿ ರಂಗಮ್ಮ ಹಿತ್ತಲಲ್ಲಿ ಕೊಪ್ಪರಿಗೆ ಉಜ್ಜುತ್ತ, "ಇನ್ನೇನು, ಎಲ್ಲಾ ಮುಗೀತು. ಒಂದ್ಸಲ ಸಮುದ್ರ ಅನ್ನೋದು ನೋಡ್ಬುಡಬೇಕು ಕಣ್ರಿ" ಎಂದಳು. ಮದುವೆಯಾಗಿ ಅಷ್ಟು ವರ್ಷಗಳಲ್ಲಿ ಆಕೆ ತನಗಾಗಿ ಕೇಳಿದ್ದು ಅದೊಂದೇ. ದೇವಣ್ಣ ಅದನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ತೆಗೆದುಕೊಂಡಿದ್ದರೆ ಒಂದು ಶನಿವಾರ ಬಸ್ಸು ಹತ್ತಿ ಮಂಗಳೂರಿಗೆ ಹೋಗಿ ಸೋಮವಾರ ವಾಪಸ್ಸು ಬರುತ್ತಿದ್ದರು, ಈ ಕಥೆಯೇ ಇರುತ್ತಿರಲಿಲ್ಲ.

ದೇವಣ್ಣ ವಿಚಾರ ಮಾಡಿದ. ಮಂಗಳೂರಿನಲ್ಲಿ ಸಮುದ್ರ ಒಂದೇ ಪಕ್ಕಕ್ಕಿದೆ. ಒಂದೇ ಅಂಚು ನೋಡಿ ಸೀರೆ ಕೊಳ್ಳುವವರುಂಟೆ? ನೋಡುವುದಾದರೆ ನಾಲ್ಕೂ ಕಡೆ ಇರುವ ಸಮುದ್ರವನ್ನೇ ನೋಡಬೇಕು. ಅಂದರೆ ದ್ವೀಪ. "ನಂಗೆ ಮಂಗ್ಳೂರಿದೇ ಆಯ್ತದೆ" ಎಂದು ರಂಗಮ್ಮ ಹೇಳಿದ್ದುಂಟು. "ನಿಂಗೊತ್ತಿಲ್ಲ ಸುಮ್ಕಿರು" ಎಂದು ಅವನು ಹೇಳಿದ್ದೂ ಉಂಟು. ಅಂಡಮಾನ್ ಗೊತ್ತಾಯಿತು. ಇನ್ನು ಉಳಿದದ್ದು ಕಾಲ ಗೊತ್ತುಮಾಡುವುದು ಮಾತ್ರ. ಅದಕ್ಕಾಗಿ ಅವನು ಪೇಪರು, ರೇಡಿಯೊ, ಹೋಗಿಬಂದವರ ಬಾಯಿ, ಯಾವುದನ್ನೂ ಬಿಡಲಿಲ್ಲ.

ತೊಡಕು ಬಂದದ್ದು ಅಲ್ಲೇ. ಅಂಡಮಾನಿನ ಒಳ್ಳೆಯ ಕಾಲ ಡಿಸೆಂಬರಿನಿಂದ ಮಾರ್ಚಿನವರೆಗೆ. ಕೊಳ್ಳೇಗಾಲದ ಮಗ್ಗಗಳಿಗೆ ಉಸಿರಾಡಲು ಬಿಡುವಿಲ್ಲದ ಕಾಲವೂ ಅದೇ. ಧನುರ್ಮಾಸದಲ್ಲಿ ಮದುವೆಯಿಲ್ಲ ನಿಜ, ಆದರೆ ಸಂಕ್ರಾಂತಿ ಕಳೆದೊಡನೆ ಸಾಲುಗಟ್ಟುವ ಮದುವೆಗಳ ಸೀರೆ ನೇಯುವುದೇ ಆ ತಿಂಗಳಲ್ಲಿ. ರೇಷ್ಮೆ ಕೊಟ್ಟು ಸೀರೆ ನೇಯಿಸಿಕೊಳ್ಳುವ ಅಂಗಡಿಯ ಪುಟ್ಟಬಸಪ್ಪ ದಿನಕ್ಕೆ ಎರಡು ಸಲ ಬಂದು ಬಾಗಿಲಲ್ಲಿ ಕೆಮ್ಮುತ್ತಾನೆ. ಆಷಾಢ ಬಂತೆಂದರೆ ಮದುವೆಯಿಲ್ಲ, ಅವಸರದ ಆರ್ಡರಿಲ್ಲ, ಪುಟ್ಟಬಸಪ್ಪನ ಕೆಮ್ಮಿಲ್ಲ. ಆಗ ನಿಧಾನವಾಗಿ ನೇಯುವ ಒಂದೆರಡು ಸೀರೆ ಬಿಟ್ಟರೆ ಕೈ ಖಾಲಿ. ಆದರೆ ಆಷಾಢದಲ್ಲಿ ಅಂಡಮಾನಿನ ತುಂಬ ಮಳೆ. ಇಲ್ಲಿಯ ಬಿಡುವಿಗೆ ಅಲ್ಲಿ ಮೋಡ, ಅಲ್ಲಿಯ ಬಿಸಿಲಿಗೆ ಇಲ್ಲಿ ಮದುವೆ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎನ್ನುವುದು ಇದಕ್ಕೇ.

ಇದರ ಮೇಲೆ ಮಗ್ಗದ್ದೇ ಒಂದು ಕಟ್ಟುಪಾಡು. ಉದ್ದಕ್ಕೆ ಬಿಗಿದ ನೂಲನ್ನು ಹಾಸು ಎನ್ನುತ್ತಾರೆ. ಒಂದು ಹಾಸಿನಲ್ಲಿ ಮೂರು ಸೀರೆ ಇಳಿಯುತ್ತವೆ. ಮುಗಿದಾಗ ಹಾಸನ್ನು ಪೂರ್ತಿ ತೆಗೆಯುವುದಿಲ್ಲ. ತುದಿಯಲ್ಲಿ ಒಂದು ಮೊಳ ಉಳಿಸಿ, ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ಒಂದೊಂದು ಎಳೆಗೆ ಬೆರಳಲ್ಲಿ ಹೊಸೆದು ಸೇರಿಸುತ್ತಾರೆ. ಇದಕ್ಕೆ ಕೆಚ್ಚುವುದು ಎಂದು ಹೆಸರು. ನಾಲ್ಕೂವರೆ ಸಾವಿರ ಎಳೆ, ಗಂಟು ಹಾಕುವಂತಿಲ್ಲ, ಬೆರಳಿಗೆ ಬೂದಿ ಮುಟ್ಟಿಸಿಕೊಂಡು ಹುರಿಮಾಡಬೇಕು. ಹೀಗಾಗಿ ಮಗ್ಗ ಎಂದೂ ಬರಿದಾಗುವುದಿಲ್ಲ. ದೇವಣ್ಣನ ಮಗ್ಗದ ಮೇಲಿನ ಹಾಸು ಅವನ ಅಪ್ಪನ ಕಾಲದಿಂದ ತುಂಡಾಗಿಲ್ಲ. ಹಾಸು ಬಿಗಿದ ಮೇಲೆ ನೇಕಾರ ಊರು ಬಿಡುವ ರೂಢಿಯಿಲ್ಲ. ಹಾಸು ಬಿಗಿಯದ ದಿನ ಇಲ್ಲ.

ಕೆಚ್ಚುವ ಕೆಲಸ ರಂಗಮ್ಮನದು. ಮೂವತ್ತೆಂಟು ವರ್ಷದಲ್ಲಿ ಆಕೆಯ ಒಂದು ಎಳೆ ಬಿಚ್ಚಿಕೊಂಡದ್ದಿಲ್ಲ, ಒಂದು ಎಳೆ ಪಕ್ಕದ ಎಳೆಗೆ ಕೂಡಿದ್ದಿಲ್ಲ. ಆದ್ದರಿಂದ ಈ ವರ್ಷ ಯುಗಾದಿ ಕಳೆದ ಮೇಲೆ ಒಂದು ಸೀರೆಯ ಕೆಂಪು ಅಂಚಿನಲ್ಲಿ ಹಸಿರು ಗೆರೆಯೊಂದು ಕಾಣಿಸಿಕೊಂಡಾಗ ದೇವಣ್ಣನ ಪಿತ್ತ ನೆತ್ತಿಗೇರಿದ್ದು ಪುಟ್ಟಬಸಪ್ಪನ ಮೇಲೆ. ಸೀರೆ ಹೆಗಲಿಗೆ ಹಾಕಿಕೊಂಡು ಅಂಗಡಿಗೆ ಹೋಗಿ ಗಿರಾಕಿಗಳ ಮುಂದೆಯೇ ಕೂಗಾಡಿದ.

"ಏನ್ ಬಣ್ಣ ಹಾಕ್ಸಿ ಕೊಡ್ತೀಯ ನೀನು? ಇದು ರೇಷ್ಮೆನಾ, ಗೋಣಿದಾರನಾ?"

ಪುಟ್ಟಬಸಪ್ಪ ಮಸೂರ ಹಿಡಿದು ಅಂಚನ್ನು ನೋಡಿದ. ಮತ್ತೆ ನೋಡಿದ. "ದೇವಣ್ಣ, ಬಣ್ಣದ್ದಲ್ಲ ಕಣಪ್ಪ. ಕೆಚ್ಚಿರೋದ್ರಲ್ಲಿ ತಪ್ಪಾಗದೆ. ಅಂಚಿನ ಎಳೇಗೆ ಒಡಲಿನ ಹಸಿರೆಳೆ ಕೂಡ್ಕಂಡದೆ" ಎಂದ, ತಾನೇ ತಪ್ಪು ಮಾಡಿದವನಂತೆ.

"ನಮ್ಮನೇಲಿ ಅಂತ ಕೆಚ್ಚು ಇಲ್ಲ" ಎಂದು ದೇವಣ್ಣ ಎದ್ದು ಬಂದ. ಬಂದವನು ಮಗ್ಗಕ್ಕಿಳಿಯದೆ ಬಾಗಿಲ ಮರೆಯಲ್ಲಿ ನಿಂತು ಹೆಂಡತಿಯನ್ನು ನೋಡಿದ. ರಂಗಮ್ಮ ಕಿಟಕಿಯ ಬಳಿ ಕೂತು ಅಕ್ಕಿ ಆರಿಸುತ್ತಿದ್ದಳು. ಪಕ್ಕದಲ್ಲೇ ಇದ್ದ ನೀರಿನ ಚೊಂಬಿಗಾಗಿ ಕೈ ಆಡಿಸಿದಳು. ಸಿಗಲಿಲ್ಲ. ಕುತ್ತಿಗೆಯನ್ನು ಪೂರ್ತಿ ಆ ಕಡೆ ತಿರುಗಿಸಿದ ಮೇಲೆ ಸಿಕ್ಕಿತು.

ಮೇ ತಿಂಗಳಲ್ಲಿ ಯಳಂದೂರಿನ ಶಾಲೆಯೊಂದರಲ್ಲಿ ಕಣ್ಣಿನ ಶಿಬಿರ ಹಾಕಿದ್ದರು. ಮೊಮ್ಮಗುವನ್ನು ನೋಡಿಬರೋಣವೆಂದು ದೇವಣ್ಣ ರಂಗಮ್ಮನನ್ನು ಹೊರಡಿಸಿ, ಹಾಗೆಯೇ ಶಿಬಿರಕ್ಕೂ ಕರೆದುಕೊಂಡು ಹೋದ. ಡಾಕ್ಟರ್ ಆಶಾರಾಣಿ ಎಂಬ ಚಿಕ್ಕ ವಯಸ್ಸಿನ ಹೆಣ್ಣುಮಗಳು ಬಹಳ ಹೊತ್ತು ನೋಡಿದರು. ಹನಿ ಹಾಕಿಸಿಕೊಳ್ಳಲು ರಂಗಮ್ಮನನ್ನು ಪರದೆಯ ಆಚೆಗೆ ಕಳಿಸಿ ದೇವಣ್ಣನನ್ನು ಕೂರಿಸಿಕೊಂಡರು.

"ಇದು ಪೊರೆಯಲ್ಲ ಯಜಮಾನ್ರೇ. ಕಣ್ಣಿನೊಳಗೆ ಒತ್ತಡ ಜಾಸ್ತಿಯಾಗಿ ನರ ಒಣಗ್ತಾ ಇದೆ. ದೃಷ್ಟಿ ಸುತ್ತಲ ಅಂಚಿಂದ ಶುರುವಾಗಿ ಒಳಕ್ಕೆ ಕಮ್ಮಿಯಾಗ್ತಾ ಬರುತ್ತೆ. ಹೋಗಿರೋದು ಮತ್ತೆ ಬರಲ್ಲ. ಉಳಿದಿರೋದನ್ನ ಹನಿ ಹಾಕಿ ಹಿಡಿದಿಡೋಕೆ ನೋಡೋಣ. ಬಹಳ ಮುಂದುವರಿದಿದೆ. ಎಷ್ಟು ದಿನ ಅಂತ ನಾನು ಮಾತು ಕೊಡೋಕಾಗಲ್ಲ."

ದೇವಣ್ಣ ಪರದೆಯ ಆಚೆ ಹೋಗಿ ಹೆಂಡತಿಗೆ, "ವಯಸ್ಸಿಂದಂತೆ. ಹನಿ ಬುಟ್ಕಂಡ್ರೆ ಸರಿಯೋಯ್ತದಂತೆ" ಎಂದ. ರಂಗಮ್ಮ "ಊಂ" ಎಂದಳು. ಬಸ್ಸಿನಲ್ಲಿ ಇಬ್ಬರೂ ಮೊಮ್ಮಗುವಿನ ಹಲ್ಲಿನ ವಿಚಾರ ಮಾತಾಡಿದರು.

ಮನೆಗೆ ಬಂದವನೇ ದೇವಣ್ಣ ಜೀವನದಲ್ಲಿ ಮೊದಲ ಬಾರಿಗೆ ಪುಟ್ಟಬಸಪ್ಪನಿಗೆ, ಡಿಸೆಂಬರ್ ಜನವರಿ ತನಗೆ ಆರ್ಡರ್ ಬೇಡ ಎಂದು ಹೇಳಿಕಳಿಸಿದ. ಮದುವೆಗಳು ಹಾಳಾಗಿಹೋಗಲಿ. ಡಿಸೆಂಬರ್ ಅರ್ಧ ಕಳೆದ ಮೇಲೆ ನೀರು ತಿಳಿ, ಗಾಳಿ ಮೆತ್ತಗೆ, ನೀಲಿಯೆಂದರೆ ನೀಲಿ. ಹನ್ನೊಂದು ವರ್ಷ ಕಾದದ್ದನ್ನು ಅವಳು ಅದರ ಒಳ್ಳೆಯ ಕಾಲದಲ್ಲೇ ನೋಡಬೇಕು. ಇನ್ನು ಏಳು ತಿಂಗಳು. ಏಳು ತಿಂಗಳು ಕಣ್ಣು ಉಳಿಯಬೇಕು, ಅಷ್ಟೆ. ಅವನು ಬೆಟ್ಟದ ಮಾದಪ್ಪನಿಗೆ ಹೇಳಿಕೊಂಡ. ಹನಿಯ ಬಾಟಲಿಗೂ ದಿನಾ ಕೈಮುಗಿದ.

ಅಲ್ಲಿಯವರೆಗೆ ರಂಗಮ್ಮನಿಗೆ ತನ್ನ ಕಣ್ಣಿನ ಸಂಗತಿ ತಿಳಿಯಬಾರದು ಎಂಬುದು ಅವನ ಇನ್ನೊಂದು ತೀರ್ಮಾನ. ಆಕೆ ಮಧ್ಯಾಹ್ನ ಕೂತು ಕೆಚ್ಚಿದ್ದನ್ನು ಅವನು ಬೆಳಗಿನ ಜಾವ, ಹಾಲಿನವನು ಬರುವ ಮುಂಚೆ ಎದ್ದು ಮಸೂರ ಹಿಡಿದು ನೋಡುತ್ತಿದ್ದ. ತಪ್ಪಾದ ಎಳೆಗಳನ್ನು ಬಿಡಿಸಿ ಸರಿಯಾಗಿ ಹೊಸೆದು, ಏನೂ ಆಗದವನಂತೆ ಹೋಗಿ ಮುಖ ತೊಳೆಯುತ್ತಿದ್ದ. ಮೊದಲ ಹಾಸಿನಲ್ಲಿ ತಪ್ಪು ಹತ್ತಿಪ್ಪತ್ತು ಇತ್ತು. ಆಷಾಢದ ಹೊತ್ತಿಗೆ ಬಿಗಿದ ಹಾಸಿನಲ್ಲಿ ಇನ್ನೂರು ದಾಟಿತು. ಡಿಸೆಂಬರಿಗೆ ಎಷ್ಟಾದೀತು ಎಂಬ ಲೆಕ್ಕ ಅವನಿಗೆ ಬರುತ್ತಿತ್ತು, ಆದರೆ ಮಾಡಲಿಲ್ಲ. ಹೆಂಡತಿ ಸಮುದ್ರವೆಂಬುದನ್ನು ನೋಡದೆ ಕತ್ತಲಾಗಿಬಿಟ್ಟರೆ ಎಂದು ಒಮ್ಮೊಮ್ಮೆ ಅನ್ನಿಸಿ, ಕೂತಲ್ಲಿಂದ ಎದ್ದು ಹೋಗಿ ಕ್ಯಾಲೆಂಡರ್ ನೋಡುತ್ತಿದ್ದ. ಆದರೂ ಮಳೆಗಾಲದಲ್ಲಿ ಅಂಡಮಾನಿಗೆ ಹೋಗುವುದೆಂದರೆ ಅವನ ಪ್ರಕಾರ ಹಸಿದು ಬಂದವರಿಗೆ ಹಳಸಿದ್ದು ಬಡಿಸುವುದು. ಅದು ಅವನ ಕೈಲಾಗದು.

ಆಷಾಢದ ಎರಡನೆಯ ಶುಕ್ರವಾರ ರಂಗಮ್ಮ ಮಗ್ಗದ ಹಿಂದೆ ಕೂತವಳು ಕೆಚ್ಚಿದ ಸಾಲಿನ ಮೇಲೆ ಬೆರಳಾಡಿಸುತ್ತಿದ್ದಳು. ದೇವಣ್ಣ ಗುಂಡಿಯೊಳಗೆ ಕಾಲಿಟ್ಟು ಕೂತಿದ್ದ.

"ಇದು ನನ್ನ ಕೈದಲ್ಲ" ಎಂದಳು.

"ಯಾವ್ದು?"

"ಇದು. ಇದೂ. ಇಕಾ, ಇಲ್ಲಿಂದ ಅಲ್ಲಿಗಂಟ. ನನ್ನ ಹುರಿ ಬಲಕ್ಕೆ ತಿರುಗ್ತದೆ. ಇವು ಎಡಕ್ಕೆ ತಿರುಗ್ತವೆ. ಈ ಮನೇಲಿ ಎಡಚ ಅಂದ್ರೆ ನೀವೊಬ್ರೇ."

ದೇವಣ್ಣ ನೂಲು ಬಡಿಯುವ ಹಣಿಗೆಯನ್ನು ಎಳೆದು ಎರಡು ಸಲ ಬಡಿದ, ಬಡಿಯಬೇಕಾದ ಅಗತ್ಯವೇನೂ ಇರಲಿಲ್ಲ.

"ಅವತ್ತು ಯಳಂದೂರ್‌ನಾಗೆ ನಂಗೂ ಆ ಡಾಕ್ಟ್ರಮ್ಮಂಗೂ ಮಧ್ಯ ಇದ್ದದ್ದು ಒಂದು ಬಟ್ಟೆ ಪರದೆ ಕಣ್ರಿ. ಗ್ವಾಡೆ ಅಲ್ಲ. ಕಣ್ಣು ಓಗಿರ್ಬೌದು, ಕಿವಿ ಇನ್ನೂ ಗಟ್ಟಿಯಾಗದೆ."

"ಡಿಸೆಂಬರ್‌ಗೆ ಓಗಮ ಅಂತ ಎಲ್ಲಾ ಗೊತ್ತು ಮಾಡಿವ್ನಿ ಕಣಮ್ಮಿ" ಎಂದ ದೇವಣ್ಣ. "ಆರ್ಡ್ರೂ ಬ್ಯಾಡ ಅಂದಿವ್ನಿ. ಆವಾಗ ನೀರು ಎಂಗಿರ್ತದೆ ಗೊತ್ತಾ? ತಳದಲ್ಲಿರೋ ಮೀನು ಕಾಣ್ತದಂತೆ."

"ಡಿಸೆಂಬರ್‌ಗೆ ಸಮುದ್ರ ಇರ್ತದೆ. ನನ್ನ ಕಣ್ಣಿರಕ್ಕಿಲ್ಲ."

ಆಕೆ ಇದನ್ನು ಸೊಪ್ಪಿನವಳು ಇವತ್ತು ಬರುವುದಿಲ್ಲ ಎನ್ನುವ ದನಿಯಲ್ಲೇ ಹೇಳಿದಳು. ದೇವಣ್ಣನಿಗೆ ತನ್ನ ಮೇಲೆಯೇ ರೇಗಿಹೋಯಿತು. ಮಂಗಳೂರಿನ ಬಸ್ಸು ಹನ್ನೊಂದು ವರ್ಷ ದಿನಾ ಓಡಾಡಿದೆ. ಊರಿಗೆಲ್ಲ ಒಳ್ಳೆಯ ಕಾಲ ಹಂಚಿದವನು ಮನೆಯಾಕೆಗೆ ಒಂದು ಕೆಟ್ಟ ಕಾಲವನ್ನೂ ಕೊಡಲಿಲ್ಲವಲ್ಲ ಎಂದು ಹಣೆ ಚಚ್ಚಿಕೊಳ್ಳುವಂತಾಯಿತು.

ಸೀರೆ ಅರ್ಧ ಆಗಿತ್ತು. ದೇವಣ್ಣ ಹಾಸನ್ನು ಸಡಿಲ ಬಿಟ್ಟ, ಮೇಲೆ ಹಳೆಯ ಪಂಚೆ ಹೊದಿಸಿದ, ಗುಂಡಿಯಿಂದ ಕಾಲೆತ್ತಿಕೊಂಡು ಮೇಲೆ ಬಂದ. ನಲವತ್ತೈದು ವರ್ಷದಲ್ಲಿ ಅರ್ಧ ಸೀರೆ ಬಿಟ್ಟು ಎದ್ದದ್ದು ಅದೇ ಮೊದಲು. ಪುಟ್ಟಬಸಪ್ಪನಿಗೆ ಸುದ್ದಿ ಮುಟ್ಟಿದಾಗ ಅವನು ಕೆಮ್ಮುವುದನ್ನೂ ಮರೆತನಂತೆ.

ಅಳಿಯ ಮೋಹನ್ ಟಿಕೆಟ್ಟು ಮಾಡಿಸಿಕೊಟ್ಟ. ಟ್ರಾವೆಲ್ಸಿನ ಹುಡುಗಿ ಫೋನಿನಲ್ಲಿ, "ಸರ್, ಇದು ಸೀಸನ್ ಅಲ್ಲ, ಯಾರೂ ಹೋಗಲ್ಲ. ನಿಮಗೆ ಗೊತ್ತಿದೆ ತಾನೆ?" ಎಂದು ಕೇಳಿದಳು.

"ಗೊತ್ತು ಕಣವ್ವ. ಹಂಗಂತ ಎಲ್ರಿಗೂ ಯೋಳಿರೋನು ನಾನೇ" ಎಂದ ದೇವಣ್ಣ.

ವಿಮಾನದ ಕಿಟಕಿಯಿಂದ ನೀಲಿ ನೀರಿನ ನಡುವೆ ಹಸಿರು ದ್ವೀಪಗಳು ಕಾಣುತ್ತವೆ ಎಂದು ಅವನು ನೂರಾರು ಜನರಿಗೆ ಹೇಳಿದ್ದ. ಕಂಡದ್ದು ಮೋಡ. ಬೆಂಗಳೂರಿನ ಮೇಲಿನ ಮೋಡ ಮುಗಿದ ಮೇಲೆ ಅಂಡಮಾನಿನ ಮೋಡ. ಪೋರ್ಟ್ ಬ್ಲೇರಿನಲ್ಲಿ ಇಳಿದಾಗ ಜೋರು ಮಳೆ. ಮರುದಿನ ಮಳೆ. ಅದರ ಮರುದಿನ ಗಾಳಿಯೂ ಸೇರಿಕೊಂಡು ಬೇರೆ ದ್ವೀಪಗಳ ದೋಣಿಯೆಲ್ಲ ನಿಂತಿತು. ಲಾಡ್ಜಿನಲ್ಲಿ ಅವರಿಬ್ಬರನ್ನು ಬಿಟ್ಟರೆ ಔಷಧಿ ಕಂಪನಿಯವನೊಬ್ಬ ಮಾತ್ರ ಇದ್ದ. ದೇವಣ್ಣ ವರಾಂಡದಲ್ಲಿ ಕೂತು, ತನ್ನ ಮನೆಗೆ ಕರೆದ ನೆಂಟರಿಗೆ ಸೀದ ಅನ್ನ ಬಡಿಸಿದವನಂತೆ ಗಳಿಗೆಗೊಮ್ಮೆ ಕ್ಷಮೆ ಕೇಳುತ್ತಿದ್ದ.

"ಜನವರಿ ಆಗಿದ್ರೆ ಈ ಹೊತ್ಗೆ ಬಿಸ್ಲು ಇಂಗೆ ಬೀಳದು..."

"ಬುಡಿ. ಟೀ ಚೆನ್ನಾಗದೆ" ಎಂದಳು ರಂಗಮ್ಮ.

ನಾಲ್ಕನೆಯ ದಿನ ಮಧ್ಯಾಹ್ನ ಮಳೆ ಸಣ್ಣಗಾಯಿತು. ಆಟೊ ಹಿಡಿದು ಹತ್ತಿರದ ಒಂದು ದಂಡೆಗೆ ಹೋದರು. ದಂಡೆಯ ಮೇಲೆ ನರಪಿಳ್ಳೆ ಇರಲಿಲ್ಲ. ಎಳನೀರಿನ ಗಾಡಿಗೆ ಟಾರ್ಪಾಲು ಹೊದಿಸಿತ್ತು. ಸಮುದ್ರ ಬೂದಿ ಬಣ್ಣಕ್ಕಿತ್ತು. ಮೇಲಿನ ಆಕಾಶವೂ ಅದೇ ಬೂದಿ, ಎರಡಕ್ಕೂ ನಡುವಿನ ಗೆರೆ ಎಲ್ಲಿ ಎಂಬುದೇ ತಿಳಿಯುವಂತಿರಲಿಲ್ಲ. ಹೆಂಡತಿಗೆ ಕೊಡೆ ಹಿಡಿದು ಎದುರಿಗೆ ನಿಂತು ದೇವಣ್ಣ ವಿವರಿಸತೊಡಗಿದ: "ಇದಲ್ಲ ಕಣಮ್ಮಿ ಇದ್ರ ಬಣ್ಣ. ಇಲ್ಲಿ ದಡದತ್ರ ಗಿಣಿಹಸಿರು. ಅದ್ರಾಚೆ ನವಿಲುಗತ್ತು. ಅದ್ರಾಚೆ ನಮ್ಮ ರೋಜನ ಧಾರೆ ಸೀರೆ ಸೆರಗಿತ್ತಲ್ಲ, ಆ ನೀಲಿ..."

"ವಸಿ ಅತ್ಲಾಗೆ ಸರ್ಕಳಿ. ಅಡ್ಡ ನಿಂತಿದ್ದೀರಿ."

ದೇವಣ್ಣ ಪಕ್ಕಕ್ಕೆ ಬಂದ.

ರಂಗಮ್ಮ ಸೆರಗಿನಲ್ಲಿ ಕನ್ನಡಕ ಒರೆಸಿಕೊಂಡು, ಚಪ್ಪಲಿ ಬಿಟ್ಟು ಮರಳಿನ ಮೇಲೆ ನಿಂತಳು. ಕುತ್ತಿಗೆಯನ್ನು ಆದಷ್ಟೂ ಎಡಕ್ಕೆ ತಿರುಗಿಸಿದಳು. ಅಲ್ಲಿಂದ ಬಹಳ ನಿಧಾನವಾಗಿ, ನಡುವೆ ಎಲ್ಲೂ ಬಿಡದೆ, ಬಲಕ್ಕೆ ಬಂದಳು. ಕೆಚ್ಚುವಾಗ ಒಂದು ಎಳೆಯೂ ತಪ್ಪದ ಹಾಗೆ ಸಾಲನ್ನು ನೋಡಿಕೊಂಡು ಬರುವವಳು ಹೀಗೆಯೇ ಬರುತ್ತಿದ್ದಳು. ದೇವಣ್ಣ ಆಕೆಯ ಕುತ್ತಿಗೆಯನ್ನೇ ನೋಡುತ್ತಿದ್ದ. ಉಳಿದವರು ಒಂದೇ ನೋಟಕ್ಕೆ ನೋಡಿ ಫೋಟೊ ತೆಗೆಸಿಕೊಂಡು ಬಂದದ್ದನ್ನು ಇವಳು ತುಂಡು ತುಂಡಾಗಿ ನೋಡುತ್ತಿದ್ದಾಳೆ; ಇವಳಿಗೆ ಒಂದು ಸಲಕ್ಕೆ ಕಾಣುವುದು ಅಂಗೈಯಗಲ ಮಾತ್ರ ಎಂಬುದು ಅವನಿಗೆ ಆಗ ತಿಳಿಯಿತು. ಡಾಕ್ಟರು ಹೇಳಿದಾಗಲೂ ತಿಳಿದಿರಲಿಲ್ಲ, ಇನ್ನೂರು ಎಳೆ ಬಿಡಿಸಿದಾಗಲೂ ತಿಳಿದಿರಲಿಲ್ಲ. ಅವನಿಗೆ ಅಳು ಬಂತು, ಅತ್ತ. ಮುಖದ ಮೇಲೆ ಮಳೆಯಿದ್ದದ್ದರಿಂದ ಒರೆಸಿಕೊಳ್ಳುವ ಕೆಲಸ ಉಳಿಯಿತು. ಅಂಡಮಾನಿನ ಮಳೆಗಾಲದಲ್ಲಿ ಒಂದು ಅನುಕೂಲವೂ ಇದೆ ಎಂಬುದನ್ನು ಅವನು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ.

ಬಲತುದಿ ಮುಟ್ಟುವ ಹೊತ್ತಿಗೆ ಸುಮಾರು ಹೊತ್ತಾಗಿತ್ತು.

"ಎಷ್ಟೊಂದದೆ!" ಎಂದಳು ರಂಗಮ್ಮ. ಆಮೇಲೆ, "ಆಟೋದವ್ನು ಕಾಯ್ತಾವ್ನಾ?" ಎಂದು ಕೇಳಿದಳು.

"ಕಾಯ್ತಾವ್ನೆ. ಕಾಯ್ಲಿ ಬುಡು."

"ಅಂಗಾರೆ ತಡೀರಿ, ಇನ್ನೊಂದ್ಸಲ ಮೊದ್ಲಿಂದ ನೋಡ್ಬುಡ್ತೀನಿ" ಎಂದು ಆಕೆ ಮತ್ತೆ ಕುತ್ತಿಗೆಯನ್ನು ಎಡಕ್ಕೆ ತಿರುಗಿಸಿದಳು. ದೇವಣ್ಣ ಹೆಂಡತಿಯ ಕನ್ನಡಕಕ್ಕೆ ಹನಿ ಬೀಳದಂತೆ ಕೊಡೆಯನ್ನು ಮುಂದಕ್ಕೆ ಬಾಗಿಸಿ ಹಿಡಿದುಕೊಂಡು, ಆಕೆಯ ಜೊತೆಜೊತೆಗೇ ಎಡದಿಂದ ಬಲಕ್ಕೆ ಸರಿಯುತ್ತ ಬಂದ.